ಅಗಲಿದವರ ಬದುಕನ್ನು ಬರೆಯುವ ಬಗೆ

ನಾಡು ಬಲ್ಲ ಒಬ್ಬರು ತೀರಿಕೊಂಡ ಮರುದಿನ ಅವರ ಬಗ್ಗೆ ಬಂದ ಬರಹಗಳನ್ನು ಎದುರಿಗಿಟ್ಟುಕೊಂಡು, ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ ಓದಿ ನೋಡಿ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಬಹುಮುಖ ಪ್ರತಿಭೆ’, ‘ತುಂಬಲಾರದ ನಷ್ಟ’ ಎಂಬ ಮಾತುಗಳ ನಡುವೆ ಆ ವ್ಯಕ್ತಿ ಎಂಜಿನಿಯರೋ, ಗಾಯಕಿಯೋ, ಸಸಿ ಬೆಳೆಸಿದವರೋ ಎಂಬುದೇ ಎಷ್ಟೋ ಸಲ ತಿಳಿಯುವುದಿಲ್ಲ. ಹಲವು ವರ್ಷಗಳಿಂದ ಇಂಥ ವ್ಯಕ್ತಿಚಿತ್ರಗಳನ್ನು ಬರೆಯುತ್ತ, ಬೇರೆಯವರು ಬರೆದದ್ದನ್ನು ತಿದ್ದುತ್ತ ಬಂದಿರುವ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ದಾಖಲೆಗಳ ರಾಶಿಯನ್ನೇ ಬಿಟ್ಟುಹೋದವರ ಬದುಕನ್ನು ಬರೆಯುವ ಕ್ರಮ ಬೇರೆ, ಒಂದು ಕಾಗದವನ್ನೂ ಬಿಟ್ಟುಹೋಗದವರ ಬದುಕನ್ನು ಬರೆಯುವ ಕ್ರಮ ಬೇರೆ, ಎರಡನೆಯವರಿಗಾಗಿ ನಾವು ಹೆಚ್ಚು ದುಡಿಯಬೇಕು, ಆದರೆ ಸಾಮಾನ್ಯವಾಗಿ ಅವರಿಗಾಗಿಯೇ ಕಡಿಮೆ ದುಡಿಯುತ್ತೇವೆ.

ಬರೆಯಲು ಕೂರುವ ಮುನ್ನ ಸಾವನ್ನು ಖಚಿತಪಡಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿಯನ್ನು ನಂಬಿ ಬದುಕಿರುವವರಿಗೆ ನುಡಿನಮನ ಸಲ್ಲಿಸಿದ ಪ್ರಸಂಗಗಳು ಕಡಿಮೆಯೇನಲ್ಲ. ಮನೆಯವರು, ಆಸ್ಪತ್ರೆ ಅಥವಾ ಅವರು ದುಡಿದ ಸಂಸ್ಥೆ, ಈ ಮೂರರಲ್ಲಿ ಒಂದು ಕಡೆಯಿಂದಲಾದರೂ ನೇರವಾಗಿ ತಿಳಿದ ಮೇಲೆಯೇ ಮೊದಲ ವಾಕ್ಯ ಬರೆಯಬೇಕು. ಪತ್ರಿಕೆಯ ತಾರೀಖನ್ನೇ ನಿಧನದ ತಾರೀಖೆಂದು ಬರೆದುಕೊಳ್ಳುವ ತಪ್ಪು ಬಹಳ ಸಾಮಾನ್ಯ. ಸುದ್ದಿ ಅಚ್ಚಾಗುವುದು ಮರುದಿನ ಎಂಬುದನ್ನು ನೆನಪಿನಲ್ಲಿಡಬೇಕು.

ಹುಟ್ಟಿದ ದಿನದ ವಿಷಯ ಇದಕ್ಕಿಂತ ತೊಡಕಿನದು. ಸರ್ ಎಂ. ವಿಶ್ವೇಶ್ವರಯ್ಯನವರಂಥ ಸುಪ್ರಸಿದ್ಧರ ಜನ್ಮದಿನ ಸೆಪ್ಟೆಂಬರ್ 15 ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ವರ್ಷ ಮಾತ್ರ ಕೆಲವು ಕಡೆ 1860, ಕೆಲವು ಕಡೆ 1861 ಎಂದಿದೆ. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರಲ್ಲಿ. ಅವರು ತೀರಿಕೊಂಡದ್ದು 1962ರ ಏಪ್ರಿಲ್ 14ರಂದು. ಆದ್ದರಿಂದ ಒಂದು ಲೆಕ್ಕದಲ್ಲಿ ಅವರಿಗೆ ಆಗ 101 ವರ್ಷ, ಇನ್ನೊಂದರಲ್ಲಿ 100. ಇಂಥಲ್ಲಿ ಬರೆಯುವವರು ಎರಡರಲ್ಲಿ ಒಂದನ್ನು ಆರಿಸಿ, ಲೇಖನದ ಉದ್ದಕ್ಕೂ ಅದಕ್ಕೇ ಬದ್ಧರಾಗಿರಬೇಕು, ಇನ್ನೊಂದು ಮತವಿರುವುದನ್ನು ಒಂದೇ ವಾಕ್ಯದಲ್ಲಿ ತಿಳಿಸಬೇಕು. ಜನ್ಮವರ್ಷ ಒಂದು ಕಡೆಯಿಂದ, ವಯಸ್ಸು ಇನ್ನೊಂದು ಕಡೆಯಿಂದ ಎತ್ತಿಕೊಂಡರೆ ಕೂಡಿ ಕಳೆಯುವ ಓದುಗರ ಎದುರು ಲೇಖನ ನಿಲ್ಲುವುದಿಲ್ಲ.

ಹಳ್ಳಿಯಲ್ಲಿ ಹುಟ್ಟಿದವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜೂನ್ 1 ಎಂದಿದ್ದರೆ ಒಂದು ಗಳಿಗೆ ಅನುಮಾನಿಸಿ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ವಯಸ್ಸು ಹೊಂದಿಸಿ ಬರೆದುಕೊಂಡ ತಾರೀಖು ಅದಾಗಿರಬಹುದು. ಮನೆಯಲ್ಲಿ ಜಾತಕವಿದ್ದರೆ ಅದು ಹೆಚ್ಚು ನಂಬಿಕೆಗೆ ಅರ್ಹ, ಆದರೆ ಅದನ್ನು ಓದುವಾಗ ಎರಡು ಎಚ್ಚರ ಬೇಕು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಮತ್ತು ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. ‘ಪ್ಲವ ಸಂವತ್ಸರ, ಮಾಘ ಮಾಸ’ ಎಂದು ಜಾತಕದಲ್ಲಿದ್ದರೆ, ಪ್ಲವ 1961ರ ಯುಗಾದಿಗೆ ಆರಂಭವಾಯಿತೆಂಬ ಕಾರಣಕ್ಕೆ 1961 ಎಂದು ಬರೆಯುವವರೇ ಹೆಚ್ಚು; ಆ ಮಾಘ ಬಂದದ್ದು 1962ರಲ್ಲಿ. ಜಾತಕವೂ ಇಲ್ಲದಿದ್ದರೆ ಮನೆಯ ಹಿರಿಯರನ್ನು ‘ಯಾವ ಇಸವಿ’ ಎಂದು ಕೇಳಬಾರದು. ಲಿಂಗನಮಕ್ಕಿಯ ನೀರು ನಿಂತಾಗ ಎಷ್ಟು ದೊಡ್ಡವರಿದ್ದರು, ಸ್ವಾತಂತ್ರ್ಯ ಬಂದಾಗ ಶಾಲೆಗೆ ಹೋಗುತ್ತಿದ್ದರೇ, ಊರಿಗೆ ಕರೆಂಟು ಬಂದಾಗ ಮದುವೆಯಾಗಿತ್ತೇ ಎಂದು ಕೇಳಿದರೆ ಉತ್ತರ ಹತ್ತಿರಕ್ಕೆ ಬರುತ್ತದೆ.

ಊರಿನ ವಿಷಯದಲ್ಲಿ ನಾನೇ ಎಡವಿದ್ದೇನೆ. ರಂಗಭೂಮಿಯ ಹಿರಿಯ ಕಲಾವಿದರೊಬ್ಬರ ಬಗ್ಗೆ ಬರೆಯುವಾಗ, ಹೆಸರಿನ ಮೊದಲಿದ್ದ ಊರನ್ನೇ ಹುಟ್ಟೂರೆಂದು ಹಾಕಿಬಿಟ್ಟೆ. ಅವರ ಅಕ್ಕನ ಮಗ ಫೋನ್ ಮಾಡಿ, ಯಾವ ಸಿಟ್ಟೂ ಇಲ್ಲದೆ, “ಚೊಚ್ಚಲ ಹೆರಿಗೆ ತವರಿನಲ್ಲಿ ಅಲ್ಲವೇನ್ರೀ ಆಗೋದು? ನಮ್ಮಜ್ಜಿ ಊರಲ್ಲಿ ಹುಟ್ಟಿದವರು ಅವರು” ಎಂದರು. ಅಂದಿನಿಂದ ತಾಯಿಯ ತವರು ಯಾವುದೆಂದು ಕೇಳದೆ ನಾನು ಹುಟ್ಟೂರನ್ನು ಬರೆಯುವುದಿಲ್ಲ. ಕುವೆಂಪು ಅವರ ಹೆಸರಿನಲ್ಲಿ ಕುಪ್ಪಳಿ ಇದೆ, ಅವರು ಬೆಳೆದದ್ದೂ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಮಾತ್ರ ತಾಯಿಯ ಊರಾದ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ವಿಶ್ವೇಶ್ವರಯ್ಯನವರ ಹೆಸರಿನ ‘ಮೋಕ್ಷಗುಂಡಂ’ ಅವರ ಪೂರ್ವಿಕರ ಊರು, ಅದಿರುವುದು ಆಂಧ್ರದಲ್ಲಿ. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ.

ಸಾವನ್ನು ಹೇಳಲು ಕನ್ನಡದಲ್ಲಿರುವಷ್ಟು ಪದಗಳನ್ನು ನೋಡಿದರೆ ಆಯ್ಕೆಯೇ ಒಂದು ಹೊಣೆಯೆನಿಸುತ್ತದೆ. ಲಿಂಗಾಯತರ ಲಿಂಗೈಕ್ಯ, ಜೈನರ ಜಿನೈಕ್ಯ, ಮಾಧ್ವ ಯತಿಗಳ ಬೃಂದಾವನಸ್ಥ ಎಂಬುವು ಆಯಾ ಪರಂಪರೆಯೊಳಗಿನ ಮಾತುಗಳು. ಮುಸ್ಲಿಮರ ಮನೆಯಲ್ಲಿ ಮರ್ಹೂಂ ಎನ್ನುತ್ತಾರೆ. ಗೊತ್ತಿಲ್ಲದೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮನೆಯವರಿಗೆ ನೋವಾಗುತ್ತದೆ. ‘ತೀರಿಕೊಂಡರು’, ‘ನಿಧನರಾದರು’ ಎಂಬ ಎರಡು ಎಲ್ಲರಿಗೂ ಸಲ್ಲುತ್ತವೆ, ಸಂದೇಹವಿದ್ದಾಗ ಅವೇ ಸಾಕು. ಅಂತ್ಯಸಂಸ್ಕಾರವನ್ನು ಸಹ ಊಹಿಸಿ ಬರೆಯಬಾರದು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಮಠದ ಆವರಣದಲ್ಲಿ ಕ್ರಿಯಾಸಮಾಧಿ, ಅಂದರೆ ವಿಧಿಪೂರ್ವಕವಾಗಿ ಹೂಳುವ ಸಂಸ್ಕಾರ, ನಡೆಯಿತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ತೀರಿಕೊಂಡಾಗ, ತಮ್ಮ ದೇಹವನ್ನು ದಹಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಂತೆ ಅಗ್ನಿಸ್ಪರ್ಶ ಮಾಡಲಾಯಿತು. ವಾಡಿಕೆಯನ್ನು ನಂಬಿ ಮೊದಲೇ ‘ಸಮಾಧಿ’ ಎಂದು ಬರೆದಿಟ್ಟವರು ಅವರ ಕೊನೆಯ ಇಚ್ಛೆಯನ್ನೇ ಕಾಣದೆ ಹೋಗುತ್ತಿದ್ದರು.

ಇನ್ನು ಕಾಗದ ಬಿಟ್ಟುಹೋಗದವರ ಮಾತು. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ, ಹಾಲಕ್ಕಿ ಒಕ್ಕಲಿಗ ಸಮುದಾಯದ ಇಬ್ಬರು ಮಹಿಳೆಯರು ಎರಡು ತಿಂಗಳ ಅಂತರದಲ್ಲಿ ತೀರಿಕೊಂಡರು: ತುಳಸಿ ಗೌಡ ಅವರು 2024ರ ಡಿಸೆಂಬರ್ 16ರಂದು, ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರುವರಿ 13ರಂದು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು, ಇಬ್ಬರದೂ ಒಂದೇ ಬಗೆಯ ಉಡುಗೆ, ಕೊರಳ ತುಂಬ ಮಣಿಸರ. ಅಷ್ಟಕ್ಕೇ ಇಬ್ಬರನ್ನೂ ‘ಹಾಲಕ್ಕಿ ಜನಾಂಗದ ಹೆಮ್ಮೆ’ ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಬರಹಗಳು ಬಂದವು. ಒಬ್ಬರ ವಿದ್ಯೆ ಬೀಜದಲ್ಲಿತ್ತು, ಇನ್ನೊಬ್ಬರದು ಹಾಡಿನಲ್ಲಿತ್ತು. ತುಳಸಿ ಗೌಡ ಅವರ ಬಗ್ಗೆ ಸಾಮಾನ್ಯವಾಗಿ ಬರುವ ಮೊದಲ ವಾಕ್ಯ ಹೀಗಿರುತ್ತದೆ: ‘ವೃಕ್ಷಮಾತೆ, ಕಾಡಿನ ವಿಶ್ವಕೋಶ ಎಂದೇ ಖ್ಯಾತರಾಗಿದ್ದ, ಲಕ್ಷಾಂತರ ಗಿಡ ನೆಟ್ಟ ಮಹಾನ್ ಪರಿಸರ ಪ್ರೇಮಿ ಇನ್ನಿಲ್ಲ.’ ಇದರಲ್ಲಿ ಅವರ ಕೈ ಕಾಣುವುದಿಲ್ಲ. ಗಿಡಗಳ ಸಂಖ್ಯೆ ಒಂದು ಕಡೆ ಮೂವತ್ತು ಸಾವಿರ, ಇನ್ನೊಂದು ಕಡೆ ಲಕ್ಷ ಎಂದಿರುತ್ತದೆ. ಯಾರೂ ಎಣಿಸಿಟ್ಟಿಲ್ಲದ ಸಂಖ್ಯೆಯನ್ನು ದೊಡ್ಡದು ಮಾಡಿದಷ್ಟೂ ಓದುಗರ ನಂಬಿಕೆ ಸಣ್ಣದಾಗುತ್ತದೆ.

ನಾನಾದರೆ ಹೀಗೆ ತೊಡಗುತ್ತೇನೆ: ‘ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ದಿನಗೂಲಿಯಾಗಿ ಸೇರಿ, ದಶಕಗಳ ಕಾಲ ಬೀಜ ಆಯ್ದು, ಪಾತಿ ಮಾಡಿ, ಸಸಿ ಎಬ್ಬಿಸುವ ಕೆಲಸ ಮಾಡಿದರು. ಒಂದು ಜಾತಿಯ ಮರಗಳ ನಡುವೆ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯ್ದರೆ ಮೊಳಕೆ ಚೆನ್ನಾಗಿ ಒಡೆಯುತ್ತದೆ ಎಂದು ಅವರಿಗೆ ತಿಳಿದಿತ್ತು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರು ಪದ್ಮಶ್ರೀ ಸ್ವೀಕರಿಸಿದ್ದು ಬರಿಗಾಲಿನಲ್ಲಿ.’ ಇಲ್ಲಿ ಒಂದೂ ಬಿರುದಿಲ್ಲ, ಆದರೆ ಓದಿದವರಿಗೆ ಅವರು ಬಲ್ಲ ವಿದ್ಯೆ ಎಂಥದೆಂದು ತಿಳಿಯುತ್ತದೆ. ಇಷ್ಟು ಬರೆಯಬೇಕಾದರೆ ಸಸ್ಯಕ್ಷೇತ್ರದಲ್ಲಿ ಅವರ ಜೊತೆ ದುಡಿದವರನ್ನು ಹೋಗಿ ಮಾತನಾಡಿಸಬೇಕು. ಸನ್ಮಾನ ಮಾಡಿದವರನ್ನು ಕೇಳಿದರೆ ಶಾಲಿನ ಬಣ್ಣ ಮಾತ್ರ ಹೇಳುತ್ತಾರೆ.

ಎಣಿಸಬಹುದಾದದ್ದು ಇದ್ದಾಗ ಮಾತ್ರ ಸಂಖ್ಯೆಯನ್ನು ಧಾರಾಳವಾಗಿ ಬಳಸಬಹುದು. 2025ರ ನವೆಂಬರ್ 14ರಂದು ತೀರಿಕೊಂಡ ಸಾಲುಮರದ ತಿಮ್ಮಕ್ಕ ಅವರ ಮರಗಳು ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗಿನ ರಸ್ತೆಯಲ್ಲಿ ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೆ ನಿಂತಿವೆ: 385 ಆಲದ ಮರಗಳು. ಆ ಸಂಖ್ಯೆಯ ಪಕ್ಕದಲ್ಲೇ, ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಕೂಲಿ ಮುಗಿಸಿ ಬಿಂದಿಗೆಗಳಲ್ಲಿ ನೀರು ಹೊತ್ತದ್ದನ್ನು, ದನ ಮೇಯದಂತೆ ಪ್ರತಿ ಸಸಿಗೂ ಮುಳ್ಳುಬೇಲಿ ಕಟ್ಟಿದ್ದನ್ನು ಹೇಳಬೇಕು. ಏಕೆಂದರೆ ಸಸಿ ನೆಡುವುದು ಒಂದು ದಿನದ ಕೆಲಸ, ಬಿಂದಿಗೆ ಮತ್ತು ಬೇಲಿ ವರ್ಷಗಳ ಕೆಲಸ. ಅವರ ವಯಸ್ಸು 114 ಎಂದು ವರದಿಯಾಗಿತ್ತು. ದಾಖಲೆಯಿಲ್ಲದ ಕಾಲದಲ್ಲಿ ಹುಟ್ಟಿದವರ ವಯಸ್ಸನ್ನು ಬರೆಯುವಾಗ ‘ಎಂದು ಮನೆಯವರು ಹೇಳುತ್ತಾರೆ’, ‘ಎಂದು ವರದಿಯಾಗಿದೆ’ ಎಂಬ ಮಾತನ್ನು ಸೇರಿಸಿದರೆ ಗೌರವಕ್ಕೆ ಕುಂದಾಗುವುದಿಲ್ಲ.

ಬೇಕಾದಷ್ಟು ದಾಖಲೆ ಇರುವವರಲ್ಲಿ ತೊಂದರೆ ತಿರುಗಾಮುರುಗಾ. ಅಲ್ಲಿ ಪದವಿ, ಪ್ರಶಸ್ತಿ, ಹುದ್ದೆಗಳ ಪಟ್ಟಿಯೇ ಲೇಖನವನ್ನು ನುಂಗಿಹಾಕುತ್ತದೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ, 2010ರಲ್ಲಿ ತೀರಿಕೊಂಡ ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ಬರೆಯುವವರು ‘ಮೊದಲ ಮಹಿಳೆ’ ಎಂಬಲ್ಲಿಗೇ ನಿಲ್ಲುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಮೈಕ್ರೋವೇವ್ ಮತ್ತು ಆಂಟೆನಾಗಳ ಮೇಲೆ ಕೆಲಸ ಮಾಡಿದರೆಂಬುದು, ಆ ಕೆಲಸ ರೇಡಾರಿನಂಥ ಸಾಧನಗಳಿಗೆ ಏಕೆ ಬೇಕೆಂಬುದು ಎರಡು ವಾಕ್ಯದಲ್ಲಾದರೂ ಬರಬೇಕು. ಶಕುಂತಲಾ ದೇವಿ ಅವರಿಗೆ ‘ಮಾನವ ಗಣಕಯಂತ್ರ’ ಎಂಬ ಬಿರುದಿಗಿಂತ, 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು ಎಂಬ ಒಂದು ವಾಕ್ಯ ಹೆಚ್ಚು ನ್ಯಾಯ ಸಲ್ಲಿಸುತ್ತದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಪ್ರಶಸ್ತಿಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರು ಸವಾಯಿ ಗಂಧರ್ವರ ಬಳಿ ಸಂಗೀತ ಕಲಿತದ್ದಕ್ಕೆ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹನ್ನೊಂದರ ಹುಡುಗಿಯಾಗಿ ಗಾಂಧೀಜಿಯವರ ಎದುರು ಹಾಡಿದ್ದಕ್ಕೆ ಜಾಗ ಬಿಡಬೇಕು. ಹುಟ್ಟಿದ್ದು 1913ರ ಮಾರ್ಚ್, ಅಧಿವೇಶನ ನಡೆದದ್ದು 1924ರ ಡಿಸೆಂಬರ್, ಆದ್ದರಿಂದ ಹನ್ನೊಂದು. ಇಂಥ ಪ್ರತಿ ವಯಸ್ಸನ್ನೂ ನೀವೇ ಕೈಯಾರೆ ಲೆಕ್ಕ ಹಾಕಿ.

ಜಾತಿಯನ್ನು ಬರೆಯಬೇಕೇ ಎಂದು ಹೊಸಬರು ಕೇಳುತ್ತಾರೆ. ಅದು ಬದುಕಿನ ದಾರಿಯನ್ನು ತಿರುಗಿಸಿದ್ದರೆ ಬರೆಯಬೇಕು, ಇಲ್ಲದಿದ್ದರೆ ಬೇಡ ಎಂಬುದು ನನ್ನ ನಿಲುವು. 2021ರ ಜೂನ್ 11ರಂದು ತೀರಿಕೊಂಡ ಕವಿ ಸಿದ್ದಲಿಂಗಯ್ಯನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲೊಬ್ಬರು. ಅವರ ಬದುಕಿನಿಂದ ಆ ಮಾತನ್ನು ತೆಗೆದರೆ ಅವರ ಕಾವ್ಯಕ್ಕೆ ಕಾಲೂರಲು ನೆಲವೇ ಇರುವುದಿಲ್ಲ. ಒಪ್ಪದ ಸಂಗತಿಗಳಿಗೂ ಇದೇ ಅಳತೆ. ವಿಶ್ವೇಶ್ವರಯ್ಯನವರು 1918ರಲ್ಲಿ ಮೈಸೂರಿನ ದಿವಾನಗಿರಿ ಬಿಟ್ಟದ್ದರ ಹಿಂದೆ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ವಿಷಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೊಂದಿಗೆ ಇದ್ದ ಭಿನ್ನಾಭಿಪ್ರಾಯವಿತ್ತು. ಅಣೆಕಟ್ಟು ಮತ್ತು ಕಾರ್ಖಾನೆಗಳನ್ನು ವಿವರವಾಗಿ ಬರೆದು ಇದನ್ನು ಬಿಟ್ಟರೆ, ಅವರ ಬದುಕಿನ ಒಂದು ಮುಖ್ಯ ನಿರ್ಧಾರ ಕಾರಣವಿಲ್ಲದೆ ನಿಲ್ಲುತ್ತದೆ. ಬೈಯದೆ, ಹೊಗಳದೆ, ನಡೆದದ್ದನ್ನು ಹೇಳಿದರೆ ಸಾಕು.

ನನಗೆ ಬಹಳ ಮುಖ್ಯವೆನಿಸುವ ಇನ್ನೊಂದು ಸಂಗತಿ ಬಹುವಚನದ್ದು. ಎಂಜಿನಿಯರರಿಗೆ ‘ಅವರು’, ಪ್ರಾಧ್ಯಾಪಕರಿಗೆ ‘ಅವರು’ ಎಂದು ಬರೆಯುವ ಕೈಯೇ, ಹಳ್ಳಿಯ ಹಿರಿಯ ಹೆಂಗಸಿನ ವಿಷಯ ಬಂದಾಗ ಎರಡನೆಯ ಪ್ಯಾರಾಕ್ಕೆ ‘ಈ ಅಜ್ಜಿ’, ಮೂರನೆಯದಕ್ಕೆ ‘ಅವಳು’ ಎಂದು ಜಾರುತ್ತದೆ. ಪ್ರೀತಿಯಿಂದ ಹಾಗೆ ಬರೆದೆ ಎನ್ನುತ್ತಾರೆ. ಊರಿನವರು ಸುಕ್ರಜ್ಜಿ ಎಂದು ಕರೆಯುವುದು ಪ್ರೀತಿ; ಆ ಕರೆಯನ್ನು ಅವರ ಮಾತಾಗಿಯೇ ದಾಖಲಿಸಿ. ನಿಮ್ಮ ವಾಕ್ಯದಲ್ಲಿ ‘ಸುಕ್ರಿ ಬೊಮ್ಮಗೌಡ ಅವರು ಹಾಡಿದರು’ ಎಂದೇ ಇರಲಿ. ಬರೆದು ಮುಗಿಸಿದ ಮೇಲೆ ಕ್ರಿಯಾಪದಗಳನ್ನು ಮಾತ್ರ ಒಂದು ಸಲ ಓದಿಕೊಂಡು ಹೋದರೆ ಎಲ್ಲಿ ಜಾರಿದ್ದೇವೆಂದು ಕಾಣುತ್ತದೆ.

ಮನೆಯವರನ್ನು ಮಾತನಾಡಿಸುವುದಕ್ಕೆ ಹೊತ್ತು ನೋಡಬೇಕು. ಸಾವಿನ ದಿನ ಖಚಿತಪಡಿಸಿಕೊಳ್ಳಲು ಬೇಕಾದ ಎರಡು ಮಾತಿಗಿಂತ ಹೆಚ್ಚು ಕೇಳಬಾರದು. ಹನ್ನೊಂದನೆಯ ದಿನವೋ, ತಿಥಿಯೋ, ನಲವತ್ತನೆಯ ದಿನವೋ, ಅವರವರ ಪದ್ಧತಿಯಂತೆ ಕಾರ್ಯ ಮುಗಿದ ಮೇಲೆ ಹೋಗಿ ಕೂತರೆ ಅವರಿಗೂ ಮಾತನಾಡಬೇಕೆನಿಸಿರುತ್ತದೆ. ಆಗ ಹಳೆಯ ಟ್ರಂಕು ತೆಗೆಯಲು ಕೇಳಿ. ಮದುವೆಯ ಲಗ್ನಪತ್ರಿಕೆ, ನಾಟಕದ ಕರಪತ್ರ, ಪಿಂಚಣಿ ಕಾಗದ, ಹಿಂಬದಿಯಲ್ಲಿ ಇಸವಿ ಬರೆದ ಫೋಟೋ ಇವುಗಳಲ್ಲಿ ಸಿಗುವಷ್ಟು ನಿಖರ ಮಾಹಿತಿ ಸನ್ಮಾನಪತ್ರಗಳಲ್ಲಿ ಸಿಗುವುದಿಲ್ಲ. ಯಾವುದನ್ನೂ ಮನೆಗೆ ಒಯ್ಯಬೇಡಿ, ಅಲ್ಲಿಯೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಟ್ರಂಕು ಮುಚ್ಚುವವರೆಗೂ ಜೊತೆಗಿರಿ.

ಪ್ರಕಟಿಸುವ ಮುನ್ನ ಲೇಖನವನ್ನು ಅವರ ಜೊತೆ ದುಡಿದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ತಾರೀಖು, ಊರು, ಹೆಸರು ಬರುವಲ್ಲಿ ನಿಧಾನವಾಗಿ ಓದಿ. ಪ್ರಕಟವಾದ ಮೇಲೆ ಯಾರಾದರೂ ತಪ್ಪು ತೋರಿಸಿದರೆ ಅಂದೇ ತಿದ್ದಿ, ಏನನ್ನು ತಿದ್ದಿದ್ದೇವೆಂದು ತಾರೀಖಿನೊಂದಿಗೆ ಕೆಳಗೆ ಬರೆಯಿರಿ. ಮನೆಯಲ್ಲಿ ಆನ್‌ಲೈನ್ ಓದದ ಹಿರಿಯರಿದ್ದರೆ ದೊಡ್ಡ ಅಕ್ಷರದಲ್ಲಿ ಒಂದು ಪ್ರತಿ ಮುದ್ರಿಸಿ ಕೊಟ್ಟುಬನ್ನಿ.