ಗ್ರಂಥಾಲಯದಲ್ಲಿ ಕಥೆ ಗಂಟೆ: ಮೊದಲು ಬೀರುವಿನ ಬೀಗ ತೆಗೆಯಿರಿ

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಕೆಲವು ವರ್ಷದ ಹಿಂದೆ ಆ ವಾರ ಒಂದು ಸಣ್ಣ ಊರಿನ ಗ್ರಂಥಾಲಯದ ಕಾರ್ಯಕ್ರಮಕ್ಕೆ ಹೋಗಿದ್ದೆ. ಶಾಲೆಯಿಂದ ಅರವತ್ತು ಮಕ್ಕಳನ್ನು ಸಾಲಾಗಿ ಕರೆತಂದಿದ್ದರು. ವೇದಿಕೆ ಮೇಲೆ ಒಂಬತ್ತು ಕುರ್ಚಿ. ದೀಪ, ಹಾರ, ಸ್ವಾಗತ, ಪ್ರಾಸ್ತಾವಿಕ ನುಡಿ, ಆಮೇಲೆ ಮೂರು ಭಾಷಣ. ಮೂವರೂ ಹೇಳಿದ್ದು ಒಂದೇ, ಮಕ್ಕಳು ಪುಸ್ತಕ ಓದಬೇಕು ಅಂತ. ಹಿಂದಿನ ಸಾಲಿನ ಒಬ್ಬ ಹುಡುಗ ಪಕ್ಕದ ಗಾಜಿನ ಬೀರುವಿಗೆ ಮೂಗು ಒತ್ತಿಕೊಂಡು ಒಳಗಿದ್ದ ಆನೆ ಚಿತ್ರದ ಪುಸ್ತಕ ನೋಡುತ್ತಿದ್ದ. ಬೀರುವಿಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಬಾಳೆಹಣ್ಣು ತರಲು ಹೋಗಿದ್ದರು. ಕೊನೆಗೆ ಹುಡುಗ ಬಾಳೆಹಣ್ಣು ಹಿಡಿದುಕೊಂಡು ಸಾಲಿನಲ್ಲಿ ವಾಪಸ್ ಹೋದ.

ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಅವರ ಫೋಟೊಗೂ ಒಂದು ಹಾರ ಬಿದ್ದಿತ್ತು. ನಮ್ಮ ದೇಶದ ಗ್ರಂಥಾಲಯಗಳಿಗೆ ದಾರಿ ಹಾಕಿಕೊಟ್ಟ ಮನುಷ್ಯ ಅವರು. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ 'ಪುಸ್ತಕ ಇರುವುದು ಬಳಸುವುದಕ್ಕೆ' ಅಂತ. ಬೀಗ ಹಾಕಿದ ಬೀರು ಆ ಫೋಟೊದ ನೇರ ಕೆಳಗೇ ಇತ್ತು.

ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ ನಾವು ನಾಲ್ಕೈದು ಜನ ಸೇರಿ ಮೂರು ವರ್ಷದಿಂದ ಪ್ರತಿ ಭಾನುವಾರ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದುತ್ತಿದ್ದೇವೆ. ಬೇರೆ ಊರಿನವರು 'ನಮ್ಮೂರಲ್ಲೂ ಮಾಡಬೇಕು' ಅಂತ ಬಂದು ನೋಡಿಕೊಂಡು ಹೋಗುತ್ತಾರೆ. ಹೋಗಿ ಮತ್ತೆ ಅದೇ ಒಂಬತ್ತು ಕುರ್ಚಿ ಹಾಕುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

1. ದಿನ ಮತ್ತು ಹೊತ್ತು

ಭಾನುವಾರ, ಬೆಳಿಗ್ಗೆ ಹತ್ತೂವರೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ, ಭಾನುವಾರ ಬಾಗಿಲು ತೆಗೆದಿರುತ್ತದೆ. ಒಂಬತ್ತು ಗಂಟೆಗೆ ಇಡಬೇಡಿ. ಆ ಹೊತ್ತಿಗೆ ನಮ್ಮ ಕಡೆ ಅರ್ಧ ಮಕ್ಕಳು ಮಟನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತಿರುತ್ತಾರೆ. ಹನ್ನೆರಡಕ್ಕೂ ಬೇಡ, ಮನೆಯಲ್ಲಿ ಸಾರು ಕುದಿಯುವ ವಾಸನೆ ಬಂದ ಮೇಲೆ ಯಾವ ಕಥೆಯೂ ನಡೆಯುವುದಿಲ್ಲ.

ಸಾಹಿತಿಗಳ ಹುಟ್ಟುಹಬ್ಬಕ್ಕೆ ಕಾರ್ಯಕ್ರಮ ಹೊಂದಿಸುವ ಆಸೆ ಎಲ್ಲರಿಗೂ ಇರುತ್ತದೆ. ಜಿಲ್ಲೆಯವರೇ ಆದ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಜನವರಿ 26ರಂದು. ಅವತ್ತು ಮಕ್ಕಳೆಲ್ಲ ಧ್ವಜಾರೋಹಣದಲ್ಲಿರುತ್ತಾರೆ. ಮೇಲುಕೋಟೆಯ ಪು.ತಿ.ನ. ಅವರದು ಮಾರ್ಚ್ 17, ಪರೀಕ್ಷೆ ಕಾಲ. ವಾರವಾರ ತಪ್ಪದೆ ನಡೆಯುವುದೇ ಮುಖ್ಯ. ತಾರೀಖು ಹುಡುಕುತ್ತಾ ಕೂತರೆ ವರ್ಷಕ್ಕೆ ಎರಡು ಸಭೆ ಆಗುತ್ತದೆ, ಅಷ್ಟೆ.

2. ಗ್ರಂಥಪಾಲಕರ ಜೊತೆ ಮಾತು

ಊರು ಪಟ್ಟಣವಾದರೆ ಗ್ರಂಥಾಲಯ ಇಲಾಖೆಯವರನ್ನು ಕೇಳಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದರೆ ಪಂಚಾಯಿತಿಯನ್ನು. 2019ರಿಂದ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿವೆ, ಈಗ 'ಅರಿವು ಕೇಂದ್ರ' ಅನ್ನುತ್ತಾರೆ. ಒಂದು ಪುಟದ ಅರ್ಜಿ ಸಾಕು. ಪಟ್ಟಣದಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯಲ್ಲೇ ಗ್ರಂಥಾಲಯ ಕರವೂ ಸೇರಿರುತ್ತದೆ. ಹಾಗಾಗಿ ದಯೆ ಬೇಡುವವರ ಥರ ಹೋಗಬೇಕಿಲ್ಲ. ಜಗಳ ಆಡುವವರ ಥರವೂ ಬೇಡ.

ಬೀಗದ ವಿಷಯಕ್ಕೆ ಗ್ರಂಥಪಾಲಕರನ್ನು ಬೈಯುವ ಮುಂಚೆ ಒಂದು ನಿಮಿಷ ಯೋಚಿಸಿ. ಪ್ರತಿ ಪುಸ್ತಕಕ್ಕೂ ರಿಜಿಸ್ಟರಿನಲ್ಲಿ ಒಂದು ನಂಬರ್ ಇದೆ. ಲೆಕ್ಕ ತಪಾಸಣೆಗೆ ಬಂದಾಗ ಕಡಿಮೆ ಬಿದ್ದರೆ ಉತ್ತರ ಕೊಡಬೇಕಾದವರು ಅವರು, ಭಾಷಣ ಮಾಡಿದವರಲ್ಲ. ಈ ಭಯ ಹೋಗದೆ ಬೀಗ ತೆರೆಯುವುದಿಲ್ಲ. ನಾವು ಮಾಡಿದ್ದು ಇಷ್ಟು. ಮಕ್ಕಳ ಪುಸ್ತಕ ಐವತ್ತನ್ನು ಅವರ ಜೊತೆಗೇ ಕೂತು ಆರಿಸಿದೆವು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹೆಸರು, ನಂಬರ್ ಬರೆದೆವು. ಐವತ್ತನ್ನೂ ಒಂದು ಬಿದಿರಿನ ಬುಟ್ಟಿಗೆ ಹಾಕಿ, ನೋಟ್‌ಬುಕ್ಕಿನ ಪಟ್ಟಿಯ ಕೆಳಗೆ ನಾನು ಸಹಿ ಮಾಡಿದೆ. 'ಬುಟ್ಟಿಯ ಪುಸ್ತಕ ಕಳೆದರೆ ನನ್ನ ಜವಾಬ್ದಾರಿ, ಬೀರುವಿನದು ನಿಮ್ಮದು.' ಮುಂದಿನ ಭಾನುವಾರ ನಾನು ಹೋಗುವ ಹೊತ್ತಿಗೆ ಬುಟ್ಟಿ ಮೇಜಿನ ಮೇಲಿತ್ತು. ಎರಡು ತಿಂಗಳಾದ ಮೇಲೆ ಬೀರುವೂ ತೆರೆದಿತ್ತು. ನಾವೇನೂ ಕೇಳಿರಲಿಲ್ಲ.

3. ಪುಸ್ತಕ

ಪುಟಕ್ಕೆ ಒಂದು ದೊಡ್ಡ ಚಿತ್ರ, ಮೂರು ನಾಲ್ಕು ಸಾಲು, ದಪ್ಪ ಅಕ್ಷರ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಈ ಮೂರರ ಕನ್ನಡ ಪುಸ್ತಕಗಳಲ್ಲೇ ಐವತ್ತು ಸಿಗುತ್ತವೆ. ದುಡ್ಡಿಲ್ಲ ಅಂದರೆ ಪ್ರಥಮ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ, ಮುದ್ರಿಸಿಕೊಳ್ಳಲೂಬಹುದು.

'ನೂರೊಂದು ನೀತಿ ಕಥೆಗಳು' ಅನ್ನೋ ಥರದ ಮಿರಿಮಿರಿ ಮಿಂಚುವ ದಪ್ಪ ಪುಸ್ತಕ ತಗೊಳ್ಳಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಸಿಂಹಕ್ಕೂ ರಾಜನಿಗೂ ಒಂದೇ ಮುಖ ಇರುತ್ತದೆ, ಪುಟಕ್ಕೆ ನಾಲ್ಕು ಕಾಗುಣಿತ ತಪ್ಪು. ಎರಡು ವಾರದಲ್ಲಿ ಬೆನ್ನು ಬಿಚ್ಚಿಕೊಳ್ಳುತ್ತದೆ.

ಮತ್ತೆ ದಾನ. ಕಥೆ ಗಂಟೆ ಶುರುವಾಯಿತು ಅಂತ ಗೊತ್ತಾದರೆ ಊರವರೆಲ್ಲ ಅಟ್ಟ ಖಾಲಿ ಮಾಡುತ್ತಾರೆ. ಹತ್ತು ವರ್ಷದ ಹಿಂದಿನ ಸಿಇಟಿ ಗೈಡು, ಟೆಲಿಫೋನ್ ಡೈರೆಕ್ಟರಿ, ಗೆದ್ದಲು ಹಿಡಿದ ಪಂಚಾಂಗ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಪುಸ್ತಕ ಮನೆ ಕಟ್ಟಿ ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟಿದ್ದಾರೆ. ಬಸ್ ಕಂಡಕ್ಟರ್ ಆಗಿದ್ದವರು. ಮಕ್ಕಳನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿ, ಅದಕ್ಕಿಂತ ಒಳ್ಳೆ ಪ್ರವಾಸ ಇಲ್ಲ. ಆದರೆ ಅವರಂತೆ ಬಂದಿದ್ದನ್ನೆಲ್ಲ ಇಟ್ಟುಕೊಳ್ಳಲು ನಮಗೆ ಜಾಗ ಎಲ್ಲಿದೆ? ನೋಡದೆ ಒಂದೂ ತಗೊಳ್ಳಬೇಡಿ.

4. ಪ್ರಚಾರ

ಹಾಲಿನ ಡೇರಿ ಗೋಡೆಗೆ ಕೈಬರಹದ ಒಂದು ಹಾಳೆ. ಸಾಕು. ಫ್ಲೆಕ್ಸ್ ಬೇಡ, ಅದಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ.

5. ಕೂರಿಸುವುದು

ಜಮಖಾನ ಹಾಸಿ. ಕುರ್ಚಿ ಹಾಕಿದರೆ ಮಕ್ಕಳ ಕಾಲು ನೆಲಕ್ಕೆ ತಾಗುವುದಿಲ್ಲ, ತಾಗದ ಕಾಲು ಸುಮ್ನೆ ಇರುವುದಿಲ್ಲ. ಓದುವವರು ಮಣೆ ಮೇಲೋ ಗಿಡ್ಡ ಸ್ಟೂಲಿನ ಮೇಲೋ ಕೂರಬೇಕು. ಬೆನ್ನ ಹಿಂದೆ ಕಿಟಕಿ ಇರಬಾರದು. ಬಿಸಿಲಿಗೆ ಎದುರಾದರೆ ಮಕ್ಕಳಿಗೆ ಚಿತ್ರ ಕಾಣುವುದಿಲ್ಲ, ನಿಮ್ಮ ಮುಖವೂ ಕಪ್ಪಾಗಿ ಕಾಣುತ್ತದೆ. ಫ್ಯಾನು ಗಟಗಟ ಅನ್ನುತ್ತಿದ್ದರೆ ಆರಿಸಿಬಿಡಿ.

ಒಳಗೆ ಪೇಪರ್ ಓದುವ ಹಿರಿಯರು ಇರುತ್ತಾರೆ. ಅವರಿಗಿಂತ ಜಾಸ್ತಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಇವರ ನಿಶ್ಶಬ್ದ ಕಿತ್ತುಕೊಂಡು ಮಕ್ಕಳ ಕಾರ್ಯಕ್ರಮ ಮಾಡುವುದು ನ್ಯಾಯ ಅಲ್ಲ. ಜಗುಲಿಗೆ ಹೋಗಿ. ನಾವು ಮೊದಲ ವಾರ ಒಳಗೇ ಕೂತಿದ್ದೆವು. ಎಸ್‌ಐ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗ ಎದ್ದು ಬಂದು, 'ಸಾರ್, ಇದು ಗ್ರಂಥಾಲಯನಾ ಸಂತೆನಾ?' ಅಂದ. ತಪ್ಪಾಯಿತು ಅಂತ ಹೊರಗೆ ಬಂದೆವು. ಮೂರನೇ ವಾರ ಅವನೇ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. 'ಕಳ್ಳನ ಮಾತು ಹಂಗಲ್ಲ ಸಾರ್ ಓದೋದು,' ಅಂದ. ಪುಸ್ತಕ ಅವನ ಕೈಗೆ ಕೊಟ್ಟೆ. ಈಗ ಕಳ್ಳರು, ಪೊಲೀಸರು, ತೋಳಗಳು ಎಲ್ಲ ಅವನ ಪಾಲಿಗೆ.

6. ಓದುವುದು

ಎಲ್ಲರೂ ಎಡವುವುದು ಇಲ್ಲೇ. 'ಓದೋದಕ್ಕೇನು, ಅಕ್ಷರ ಬರುತ್ತಲ್ಲ' ಅಂತ ಅಲ್ಲೇ ಮೊದಲ ಸಲ ಪುಸ್ತಕ ಬಿಚ್ಚುತ್ತಾರೆ. ಎರಡನೇ ಪುಟಕ್ಕೆ ತಡವರಿಸುತ್ತಾರೆ. ಮಕ್ಕಳು ಜಮಖಾನದ ದಾರ ಕೀಳಲು ಶುರು ಮಾಡುತ್ತಾರೆ.

ಹಿಂದಿನ ರಾತ್ರಿ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲೆಕ್ಕಕ್ಕಿಲ್ಲ. ನಾಲಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಬಾಯಿ ಬಿಟ್ಟು ಓದಿದಾಗಲೇ ಗೊತ್ತಾಗುವುದು.

ಪುಸ್ತಕ ಹಿಡಿಯುವ ರೀತಿ ಇದೆ. ಮುಖದ ಮುಂದೆ ಹಿಡಿದರೆ ಮಕ್ಕಳಿಗೆ ಕಾಣುವುದು ರಟ್ಟು ಮಾತ್ರ. ಓದಿ ಮುಗಿಸಿ ಆಮೇಲೆ ತಿರುಗಿಸಿ ತೋರಿಸುವವರೂ ಇದ್ದಾರೆ, ಅಷ್ಟರಲ್ಲಿ 'ನಂಗೆ ಕಾಣಲಿಲ್ಲ' ಅಂತ ಗಲಾಟೆ. ಎಡಗೈಯಲ್ಲಿ ಪುಸ್ತಕದ ಕೆಳ ಅಂಚು ಹಿಡಿದು, ಭುಜದ ಪಕ್ಕಕ್ಕೆ, ಪುಟ ಮಕ್ಕಳ ಕಡೆ ತೆರೆದಿರಬೇಕು. ನೀವು ಓರೆಗಣ್ಣಲ್ಲಿ ಓದಬೇಕು. ಅದಕ್ಕೇ ಎರಡು ಸಲ ಓದಿಕೊಂಡು ಬನ್ನಿ ಅಂದಿದ್ದು, ಅರ್ಧ ಬಾಯಿಪಾಠ ಆಗಿರುತ್ತದೆ. ಪುಟ ತಿರುಗಿಸಿದ ತಕ್ಷಣ ಮಾತು ಶುರು ಮಾಡಬೇಡಿ. ಮೊದಲು ಚಿತ್ರ ನೋಡಲು ಬಿಡಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಮೊದಮೊದಲು ಆ ಐದು ಎಣಿಕೆ ಐದು ನಿಮಿಷ ಅನ್ನಿಸುತ್ತದೆ, ತಡೆದುಕೊಳ್ಳಿ.

ಭಾಷೆ ವಿಷಯದಲ್ಲಿ ನಮ್ಮೊಳಗೇ ಜಗಳ ಇದೆ. ನನ್ನ ಮಟ್ಟಿಗೆ ಕಥೆಗಾರನ ಮಾತು ಪುಸ್ತಕದಲ್ಲಿರುವಂತೆ, ಪಾತ್ರದ ಮಾತು ಊರಿನ ಮಾತಿನಂತೆ. ಪುಸ್ತಕದ ನರಿ 'ನಾನು ನಿನ್ನೊಡನೆ ಬರುವುದಿಲ್ಲ' ಅನ್ನುತ್ತದೆ. ನಮ್ಮ ಜಗುಲಿಯ ನರಿ 'ನಾ ಬರಕಿಲ್ಲ, ಹೋಗ್ಲಾ ಅತ್ಲಾಗೆ' ಅನ್ನುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಪುಸ್ತಕ ಇಸಕೊಂಡು ಹೋಗಿ, ಆ ಸಾಲು ಹುಡುಕಿ, 'ಇಲ್ಲಿ ಬೇರೆ ಥರ ಬರೆದವ್ರೆ' ಅಂತ ತಕರಾರು ತರುತ್ತಾರೆ. ಸಾಲು ಹುಡುಕಿದರು ಅಂದರೆ ಓದಿದರು ಅಂತಾಯ್ತು, ಅಲ್ವಾ?

ನಡುನಡುವೆ ಪ್ರಶ್ನೆ ಕೇಳಬೇಡಿ. ಇಡೀ ಕಥೆಗೆ ಒಂದು ಸಲ, ಅದೂ ಪುಟ ತಿರುಗಿಸುವ ಮುಂಚೆ, 'ಈಗ ಏನಾಗುತ್ತೆ?' ಅಂದರೆ ಸಾಕು. ಮುಗಿದ ಮೇಲಂತೂ 'ಈ ಕಥೆಯ ನೀತಿ ಏನು?' ಅಂತ ದಯವಿಟ್ಟು ಕೇಳಬೇಡಿ. ಕೇಳಿದ ಮರುಕ್ಷಣ ಜಗುಲಿ ಕ್ಲಾಸ್‌ರೂಮ್ ಆಗುತ್ತದೆ. ಮಕ್ಕಳು ಕೈಕಟ್ಟಿಕೊಂಡು ನೆಟ್ಟಗೆ ಕೂರುತ್ತಾರೆ, ನಾನೇ ಕಣ್ಣಾರೆ ನೋಡಿದ್ದೇನೆ.

ಕಥೆ ಹನ್ನೆರಡು ನಿಮಿಷ ದಾಟಬಾರದು. ಒಂದು ಕಥೆ, ನಡುವೆ ಎರಡು ಒಗಟು, ಇನ್ನೊಂದು ಕಥೆ. ಒಗಟಿಗೆ ಪುಸ್ತಕ ಬೇಡ, ಮಕ್ಕಳನ್ನು ಬಿಡಲು ಬಂದ ಅಜ್ಜಿಯರನ್ನು ಕೇಳಿ. ನಡುವೆ ಎದ್ದು ಓಡುವ ಮಗುವನ್ನು ಹಿಡಿದು ಕೂರಿಸಬೇಡಿ. ಕಂಬ ಸುತ್ತಿಕೊಂಡೇ ಕಥೆ ಪೂರ್ತಿ ಕೇಳುವ ಮಕ್ಕಳಿದ್ದಾರೆ.

ಮೈಕ್ ಬೇಡ. ಆನ್‌ಲೈನಿನಲ್ಲಿ ಸಿಗುವ ಬಣ್ಣದ ಲೈಟಿನ ಕ್ಯಾರಿಯೋಕೆ ಮೈಕ್ ಒಂದನ್ನು ನಾನೇ ಒಂಬೈನೂರು ರೂಪಾಯಿ ಕೊಟ್ಟು ತರಿಸಿದ್ದೆ. ಎಕೋ ಆರಿಸಲು ಬಟನ್ನೇ ಇರಲಿಲ್ಲ. ಮೊಲದ ಮಾತು ದೆವ್ವದ ಮಾತಿನಂತೆ ಕೇಳಿ ಒಂದು ಮಗು ಅಳುತ್ತಾ ಮನೆಗೆ ಹೋಯಿತು. ಮೂವತ್ತು ಮಕ್ಕಳಿಗೆ ಗಂಟಲೇ ಸಾಕು. ಅದಕ್ಕಿಂತ ಜಾಸ್ತಿ ಬಂದರೆ ಎರಡು ಗುಂಪು ಮಾಡಿ.

ಯಾರೋ ಒಬ್ಬರು ಖಂಡಿತ ಹೇಳುತ್ತಾರೆ, 'ಟಿವಿಯಲ್ಲಿ ಕಾರ್ಟೂನ್ ಕಥೆ ಹಾಕಿಬಿಡಿ, ಸುಲಭ' ಅಂತ. ಸುಲಭ ನಿಜ. ಅದು ಮನೆಯಲ್ಲೂ ಇದೆ.

7. ಕಥೆ ಮುಗಿದ ಹತ್ತು ನಿಮಿಷ

ಬುಟ್ಟಿಯನ್ನು ಜಮಖಾನದ ನಡುವೆ ಸುರಿಯಿರಿ. ಜೋಡಿಸಿಡಬೇಡಿ, ಸುರಿಯಿರಿ. ನೀವು ಈಗ ತಾನೆ ಓದಿದ ಪುಸ್ತಕವೇ ಎಲ್ಲರಿಗೂ ಬೇಕಾಗುತ್ತದೆ, ಅದರ ಎರಡು ಮೂರು ಪ್ರತಿ ಇಟ್ಟುಕೊಂಡಿರಿ. ಮನೆಗೆ ಒಯ್ಯುವುದು ಅಲ್ಲೇ, ಆ ಕ್ಷಣವೇ ಆಗಬೇಕು. 'ನಾಳೆ ಅಪ್ಪನ ಕರ್ಕೊಂಡು ಬಾ' ಅಂದರೆ ನಾಳೆ ಸೋಮವಾರ, ಬಾಗಿಲು ಹಾಕಿರುತ್ತದೆ! ಸದಸ್ಯತ್ವದ ಅರ್ಜಿಗೆ ಹಿಂದಿನ ವಾರವೇ ಮನೆಯವರ ಸಹಿ ಹಾಕಿಸಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ.

ಪುಸ್ತಕ ಹರಿದು ಬರುತ್ತವೆ. ಬರಲಿ. ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ, ವರ್ಷ ಕಳೆಯುವುದರೊಳಗೆ ಹಳದಿಯಾಗಿ ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ತೆಳು ಕಾಗದ, ತಿಳಿಯಾದ ಮೈದಾ ಅಂಟು, ಮೇಲೆ ಒಂದು ಭಾರ, ಒಂದು ರಾತ್ರಿ.

ತಿಂಡಿ ಕೊಡುವುದಾದರೆ ಪುಸ್ತಕ ಚೀಲಕ್ಕೆ ಹೋದ ಮೇಲೆ.

8. ಮಕ್ಕಳು ಬಾರದ ವಾರಗಳು

ದಸರಾ ರಜೆ, ಮಾರಿಹಬ್ಬ, ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ವಾರ. ನಲವತ್ತು ಇದ್ದವರು ನಾಲ್ಕಾಗುತ್ತಾರೆ. ನಾಲ್ವರಿಗೇ ಓದಿ. ಒಂದು ಭಾನುವಾರ ಬಿಟ್ಟರೆ ಮುಂದಿನ ವಾರ ಆ ನಾಲ್ವರೂ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಲ್ಟಾ. ಬೆಂಗಳೂರು, ಮೈಸೂರಿನ ಮೊಮ್ಮಕ್ಕಳೆಲ್ಲ ಅಜ್ಜಿ ಮನೆಗೆ ಬಂದಿರುತ್ತಾರೆ, ಜಗುಲಿ ಸಾಲುವುದಿಲ್ಲ. ಆಗ ಊರಿನ ದೊಡ್ಡ ಮಕ್ಕಳ ಕೈಲೇ ಚಿಕ್ಕವರಿಗೆ ಓದಿಸಿ.

9. ಲೆಕ್ಕ

ಬಾಗಿಲು ಹಾಕುವ ಮುಂಚೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಬುಟ್ಟಿ ಎಣಿಸಿ, ಒಯ್ದಿದ್ದನ್ನು ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ. ಒಂದು ಕಡಿಮೆ ಬಂದರೆ ಯಾರ ಚೀಲಕ್ಕೂ ಕೈ ಹಾಕಬೇಡಿ. ಮೊದಲು ಜಮಖಾನ ಕೊಡವಿ, ಅದರ ಮಡಿಕೆಯಲ್ಲಿರುತ್ತದೆ.