ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ಸೀರೆ ಕಂಡಿತು

ನಮ್ಮ ಮನೆ ಇಳಕಲ್‌ನಲ್ಲಿ. ಅಪ್ಪ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಾರೆ, ಅವ್ವ ಕಂಡಿಕೆ, ಅಂದರೆ ಅಡ್ಡ ನೇಯುವ ನೂಲಿನ ಸಣ್ಣ ಉರುಳೆ, ಸುತ್ತುತ್ತಾಳೆ. ನಾಲ್ಕು ವರ್ಷದಿಂದ ಮಾರುವ ಕೆಲಸ ನನ್ನದು. ಅದೂ ಪೂರ್ತಿ ಫೋನಿನಲ್ಲೇ.

ಶುರುವಿನಲ್ಲಿ ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ, ಅಂದರೆ ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿ. ಒಂದು ಲಿಸ್ಟಿಗೆ 256 ಜನ ಹಿಡಿಸುತ್ತಾರೆ. ಮದುವೆ ಮನೆ, ಬೀಗರು, ಗೆಳತಿಯರು ಅಂತ ಸಿಕ್ಕ ನಂಬರನ್ನೆಲ್ಲ ಸೇರಿಸಿ ತುಂಬಿಸಿದೆ. ದಿನಾ ಬೆಳಿಗ್ಗೆ ಹತ್ತು ಫೋಟೋ ಕಳಿಸುತ್ತಿದ್ದೆ. ಎರಡು ತಿಂಗಳಾದರೂ ಒಬ್ಬರೂ ಕೇಳಲಿಲ್ಲ. ರೇಟು ಜಾಸ್ತಿ ಆಯಿತೇನೋ ಅಂತ ಅಪ್ಪ ಬೇಜಾರು ಮಾಡಿಕೊಂಡರು.

ಹುನಗುಂದದ ಕಾಕಿ ಮನೆಗೆ ಬಂದಾಗ ಕೇಳಿದೆ, "ಕಾಕಿ, ಸೀರಿ ಫೋಟೋ ನೋಡೀರೇನ?"

"ಯಾವ ಫೋಟೋನವಾ? ನನಗೇನೂ ಬಂದಿಲ್ಲ."

ಅವರ ಫೋನ್ ತೆಗೆದು ನೋಡಿದೆ. ನನ್ನ ನಂಬರ್ ಸೇವ್ ಆಗಿರಲಿಲ್ಲ. ಆಗ ತಿಳಿಯಿತು, ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಸ್ಟೇಟಸ್ ಕೂಡ ಹಾಗೇ, ಇಬ್ಬರೂ ಒಬ್ಬರ ನಂಬರ್ ಒಬ್ಬರು ಸೇವ್ ಮಾಡಿಕೊಂಡಿರಬೇಕು. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರಿಗೆ ಮುಟ್ಟಿದೆ ಅಂತ ಗೊತ್ತಾಗುತ್ತದೆ. ಎರಡು ತಿಂಗಳು ನಾನು ಅದನ್ನು ನೋಡೇ ಇರಲಿಲ್ಲ.

ಆ ಲಿಸ್ಟ್ ಅಳಿಸಿ ಒಬ್ಬೊಬ್ಬರಿಗೇ ಬರೆದೆ. "ನಾನು ಇಳಕಲ್‌ನ ನೇಕಾರರ ಮಗಳು. ಹೊಸ ಸೀರೆ ಇಳಿದಾಗ ಫೋಟೋ ಕಳಿಸಲಾ? ಬೇಕಂದ್ರೆ ನಂಬರ್ ಸೇವ್ ಮಾಡ್ಕೊಳ್ರಿ. ಬೇಡಂದ್ರೆ ಹೇಳ್ರಿ, ಕಳಿಸೋದಿಲ್ಲ." ಸುಮಾರು ಅರವತ್ತು ಜನ ಉಳಿದರು. ಮೊದಲ ವಾರದಲ್ಲೇ ಮೂರು ಸೀರೆ ಹೋದವು. ಈಗ ವಾರಕ್ಕೆ ಎರಡೇ ಸಲ ಕಳಿಸುತ್ತೇನೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಒಂದೂ ಇಲ್ಲ.

ಜನರನ್ನು ಮಾತಿಗೆ ಎಳೆದದ್ದು ಫೋಟೋಕ್ಕಿಂತ ಒಂದು ವಿಡಿಯೋ. ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳಿಗೆ ಹಾಸು ಅನ್ನುತ್ತೇವೆ. ನಮ್ಮ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕುಣಿಕೆ ಹಾಕಿ ಸೇರಿಸಬೇಕು. ಅದೇ ಕೊಂಡಿ. ಅವ್ವ ಕೊಂಡಿ ಹಾಕುವುದನ್ನು ನಲವತ್ತು ಸೆಕೆಂಡ್ ಹಿಡಿದು ಇನ್‌ಸ್ಟಾಗ್ರಾಂಗೆ ಹಾಕಿದೆ. ಹಾಡು ಹಾಕಲಿಲ್ಲ, ಪಕ್ಕದ ಮಗ್ಗದ ಸದ್ದು ಹಾಗೇ ಬಿಟ್ಟೆ. ಎಷ್ಟು ಎಳೆ, ಎಷ್ಟು ಹೊತ್ತು ಹಿಡಿಯುತ್ತದೆ, ಕಣ್ಣು ನೋಯಲ್ವಾ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ನಾನು ಓದಿ ಹೇಳುತ್ತಿದ್ದೆ. ಅವ್ವ ಹೇಳಿದ ಉತ್ತರವನ್ನು ಅವಳದೇ ದನಿಯಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತಿದ್ದೆ. ಹಾಗೆ ಉತ್ತರ ಪಡೆದವರಲ್ಲಿ ಬಹಳ ಜನ ಇವತ್ತಿಗೂ ಮಾತಾಡುತ್ತಾರೆ.

ಪುಣೆಯ ಒಬ್ಬ ತಾಯಿ ಇನ್ನೊಂದು ವಿಷಯ ಕಲಿಸಿದರು. ಮರಾಠಿಯವರು ನಮ್ಮ ಸೀರೆಗೆ ಇರಕಲ್ ಅನ್ನುತ್ತಾರೆ. ಆ ಹೆಸರಲ್ಲಿ ಹುಡುಕಿದರೆ ನಾನು ಸಿಗುತ್ತಿರಲಿಲ್ಲ. ಈಗ ಎರಡೂ ಹೆಸರು ಬರೆಯುತ್ತೇನೆ. ದಡಿಯ, ಅಂದರೆ ಅಂಚಿನ, ಹೆಸರೂ ಬರೆಯುತ್ತೇನೆ: ಚಿಕ್ಕಿ ಪರಾಸ, ಗೋಮಿ, ಗಾಡಿ. ಸುಮ್ನೆ 'ಬ್ಯೂಟಿಫುಲ್ ಸಾರಿ' ಅಂತ ಬರೆದರೆ ಯಾರಿಗೆ ಏನು ತಿಳಿಯುತ್ತೆ?

ಫೋಟೋ ಬೆಳಗಿನ ಬೆಳಕಲ್ಲಿ, ಕಿಟಕಿ ಪಕ್ಕ ತೆಗೆಯುತ್ತೇನೆ. ಫ್ಲ್ಯಾಶ್ ಬಿದ್ದರೆ ಕೆಂಪು ಸೆರಗು ಬೆಳ್ಳಗೆ ಹೊಳೆಯುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಎಚ್‌ಡಿ ಒತ್ತಬೇಕು, ಇಲ್ಲದಿದ್ದರೆ ಎಳೆ ಕಾಣುವುದಿಲ್ಲ.

ಒಂದು ತಪ್ಪು ಮಾತ್ರ ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಗಿರಾಕಿ ಹುಡುಗಿಯೊಬ್ಬಳು ಸೀರೆ ಉಟ್ಟ ಫೋಟೋ ಕಳಿಸಿದ್ದಳು. ಖುಷಿಯಲ್ಲಿ ಕೇಳದೇ ಸ್ಟೇಟಸ್‌ಗೆ ಹಾಕಿಬಿಟ್ಟೆ. ಅವಳ ಮನೆಯಲ್ಲಿ ದೊಡ್ಡ ಜಗಳವಾಯಿತು. ಕೂಡಲೇ ತೆಗೆದು ಕ್ಷಮೆ ಕೇಳಿದೆ, ಆದರೆ ಅವಳು ಮತ್ತೆ ಮಾತಾಡಲಿಲ್ಲ. ಈಗ "ಹಾಕಲಾ?" ಅಂತ ಬರೆದು ಕೇಳುತ್ತೇನೆ. ಹೂಂ ಅಂದರೂ ಎಷ್ಟೋ ಸಲ ಮುಖ ಬಿಟ್ಟು ಸೆರಗಷ್ಟೇ ಹಾಕುತ್ತೇನೆ.

ಹೋದ ವರ್ಷ ಒಬ್ಬ ಮಿಲಿಟರಿಯವನು ಅಂತ ಹೇಳಿ ಇಪ್ಪತ್ತು ಸೀರೆ ಕೇಳಿದ. ಬೆಲೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ಬರುತ್ತೆ" ಅಂದ. ನಮಗೆ ದುಡ್ಡು ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದರೆ ನಮ್ಮ ಖಾತೆಯಿಂದಲೇ ಹೋಗುತ್ತದೆ. ಅಕಸ್ಮಾತ್ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಬೇಕು. ನಮ್ಮ ಓಣಿಯಲ್ಲಿ ಹೊಸದಾಗಿ ಫೋನಿನಲ್ಲಿ ಮಾರಲು ಶುರು ಮಾಡಿದ ಅಕ್ಕಂದಿರಿಗೆ ಫೋಟೋ ತೆಗೆಯುವುದಕ್ಕಿಂತ ಮೊದಲು ಇದನ್ನೇ ಹೇಳಿಕೊಡುತ್ತೇನೆ.