ಏರಿನ ತುದಿಯಲ್ಲಿ ಹತ್ತು ನಿಮಿಷ

ಸೈಕಲ್ ಪ್ರವಾಸದ ನಾಲ್ಕನೇ ದಿನ ಮಧ್ಯಾಹ್ನ ಒಂದು ಉದ್ದನೆಯ ಏರಿನ ತುದಿಯಲ್ಲಿ ಮುಕ್ಕಾಲು ಗಂಟೆ ಕಾದೆ. ಗೆಳೆಯ ಬರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಮೊದಲು ಬೇಸರ, ಆಮೇಲೆ ಸಿಟ್ಟು, ಕೊನೆಗೆ ಹೆದರಿಕೆ. ಹತ್ತಿದ ರಸ್ತೆಯನ್ನೇ ಇಳಿದು ವಾಪಸ್ ಹೋದೆ. ಆರು ಕಿಲೋಮೀಟರ್ ಕೆಳಗೆ, ಮರದ ನೆರಳಿನಲ್ಲಿ ಅವನು ಕೂತಿದ್ದ. ಹಿಂದಿನ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಟ್ಯೂಬಿಗೆ ಪ್ಯಾಚ್ ಹಾಕಿ ಮುಗಿಸಿದ್ದ. ಗಾಳಿ ಹೊಡೆಯೋ ಪಂಪು ಮಾತ್ರ ನನ್ನ ಚೀಲದಲ್ಲಿತ್ತು.

ಹನ್ನೆರಡು ದಿನದಲ್ಲಿ ಸುಮಾರು 1,000 ಕಿಲೋಮೀಟರ್ ಹೋಗಬೇಕು ಅಂತ ಹೊರಟವರು ನಾವು. ತೂಕ ಉಳಿಸೋಕೆ ಎಲ್ಲವನ್ನೂ ಒಂದೊಂದೇ ತಂದಿದ್ದೆವು. ಒಂದು ಟೆಂಟು, ಒಂದು ಸ್ಟೋವು, ಒಂದು ಪಂಪು. ಟೆಂಟು ಒಂದೇ ಇದ್ದರೆ ತೊಂದರೆಯಿಲ್ಲ, ಯಾಕೆಂದರೆ ರಾತ್ರಿ ಇಬ್ಬರೂ ಒಂದೇ ಕಡೆ ಇರುತ್ತೇವೆ. ಪಂಕ್ಚರ್ ಆಗೋದು ಹಗಲು, ಇಬ್ಬರೂ ಬೇರೆ ಬೇರೆ ಕಡೆ ಇರುವಾಗ. ಇಷ್ಟು ಸಣ್ಣ ವಿಷಯ ನಮಗೆ ಮೊದಲೇ ಹೊಳೆದಿರಲಿಲ್ಲ.

ಅವನು ಕೂಗಾಡಲಿಲ್ಲ. ಟೈರಿನ ಒಳಗೆ ನಿಧಾನವಾಗಿ ಬೆರಳಾಡಿಸುತ್ತಾ ಇದ್ದ. ಟ್ಯೂಬಿನ ತೂತು ಮುಚ್ಚಿದರೆ ಸಾಲದು, ಚುಚ್ಚಿದ್ದು ಟೈರಿನಲ್ಲೇ ಉಳಿದಿದ್ದರೆ ಐದು ನಿಮಿಷಕ್ಕೆ ಮತ್ತೆ ಪಂಕ್ಚರ್. ಕೊನೆಗೆ ಕೂದಲಿಗಿಂತ ಸ್ವಲ್ಪ ದಪ್ಪ ಇರುವ ಒಂದು ತಂತಿ ಎಳೆ ಸಿಕ್ಕಿತು. ಅದನ್ನು ಉಗುರಿನಿಂದ ಕಿತ್ತು ತೆಗೆದು, ನನ್ನ ಕಡೆ ನೋಡದೆ ಹೇಳಿದ:

"ಪಂಪಿನ ಕತೆ ಬಿಡು. ದಿನಾ ಏರು ಹತ್ತಿದ ಮೇಲೆ ನೀನು ನನಗೋಸ್ಕರ ಕಾಯ್ತೀಯ, ಸರಿ. ನಾನು ಬಂದ ತಕ್ಷಣ 'ಹೊರಡೋಣ್ವಾ' ಅಂತೀಯ. ನಿನಗೆ ಹತ್ತು ನಿಮಿಷ ಸುಧಾರಿಸಿಕೊಂಡು ಆಗಿರುತ್ತೆ. ನನಗೆ ಯಾವಾಗ ಕಣೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರೂವರೆ ದಿನ ನಾನು ತಾಳ್ಮೆಯಿಂದ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ನಡೆದಿದ್ದೇ ಬೇರೆ. ನಮ್ಮಿಬ್ಬರಲ್ಲಿ ಜಾಸ್ತಿ ಸುಸ್ತಾಗುವವನಿಗೆ ವಿಶ್ರಾಂತಿಯೇ ಇರಲಿಲ್ಲ, ಕಮ್ಮಿ ಸುಸ್ತಾಗುವವನಿಗೆ ಎಲ್ಲ ವಿಶ್ರಾಂತಿಯೂ ಸಿಗುತ್ತಿತ್ತು. ಗೆಳೆಯರು ಸೈಕಲ್ ಪ್ರವಾಸದ ಮಧ್ಯೆ ಜಗಳವಾಡಿ ವಾಪಸಾಗೋದನ್ನು ಕೇಳಿದಾಗಲೆಲ್ಲ ನನಗೆ ಈಗ ಇದೇ ನೆನಪಾಗುತ್ತದೆ.

ಅವತ್ತು ಸಂಜೆ ಟೆಂಟು ಹಾಕಿದ ಮೇಲೆ ಇಬ್ಬರ ಚೀಲವನ್ನೂ ನೆಲಕ್ಕೆ ಸುರಿದೆವು. ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ ಇಬ್ಬರದೂ ಹೆಚ್ಚುಕಮ್ಮಿ 95 ಕೆಜಿ ಇತ್ತು. ಅವನ ಚೀಲದಿಂದ ಟೆಂಟು, ಸ್ಟೋವು, ಪಾತ್ರೆ ತೆಗೆದು ಐದು ಕೆಜಿ ನನ್ನ ಸೈಕಲ್ಲಿಗೆ ಹಾಕಿಕೊಂಡೆ. ಈಗ ನಾನು 100, ಅವನು 90. ಕಡಿದಾದ ಏರಿನಲ್ಲಿ ಸೈಕಲ್ ನಿಧಾನಕ್ಕೆ ಹೋಗುವುದರಿಂದ ಗಾಳಿಯ ತಡೆ ಅಷ್ಟಾಗಿ ಇರುವುದಿಲ್ಲ, ಶಕ್ತಿಯೆಲ್ಲ ತೂಕ ಮೇಲೆತ್ತಲು ಹೋಗುತ್ತದೆ. ಹಾಗಾಗಿ ಇಬ್ಬರ ನಡುವೆ ಹತ್ತರಲ್ಲೊಂದು ಪಾಲು ವ್ಯತ್ಯಾಸ ಬಂದರೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಮರುದಿನ ಮೊದಲ ಏರಿನಲ್ಲೇ ಗೊತ್ತಾಯಿತು. ಅವನು ನನ್ನ ಕಣ್ಣಳತೆಯಲ್ಲೇ ಇದ್ದ.

ಇನ್ನೊಂದು ಮಾತೂ ಆಯಿತು. ತುದಿಯಲ್ಲಿ ಕಾಯುವ ಲೆಕ್ಕ ಹಿಂದೆ ಬಂದವನು ಬಂದ ಮೇಲೆ ಶುರುವಾಗಬೇಕು. ಅವನು ಸೈಕಲ್ ಒರಗಿಸಿ, ನೀರು ಕುಡಿದು, ಉಸಿರು ಹತೋಟಿಗೆ ಬಂದು, ತಾನಾಗಿ "ಹೊರಡೋಣ" ಅನ್ನುವವರೆಗೆ ನಾನು ಎದ್ದು ನಿಲ್ಲುವಂತಿಲ್ಲ. ಸುಮ್ನೆ ಎದ್ದು ನಿಂತರೂ ಅವನಿಗೆ ಅವಸರ ಮಾಡಿದ ಹಾಗೆ ಆಗುತ್ತದೆ, ಅಲ್ವಾ? ಮೊದಲೆರಡು ದಿನ ಇದು ನನಗೆ ಕಷ್ಟವಾಯಿತು. ಕಾಲು ತಣ್ಣಗಾಗಿ ಬಿಗಿಯುತ್ತಿತ್ತು. ಆಮೇಲೆ ನಾನೇ ಏರಿನಲ್ಲಿ ಸಣ್ಣ ಗೇರಿಗೆ ಇಳಿದು ನಿಧಾನಕ್ಕೆ ತುಳಿಯಲು ಕಲಿತೆ. ಮಂಡಿಗೂ ಅದೇ ಒಳ್ಳೆಯದು.

ಬಯಲಿನಲ್ಲಿ ಎದುರು ಗಾಳಿ ಬಂದರೆ ನಮ್ಮ ಲೆಕ್ಕ ಉಲ್ಟಾ ಆಗುತ್ತಿತ್ತು. ಬೆಟ್ಟಕ್ಕಾದರೂ ಒಂದು ತುದಿ ಇರುತ್ತದೆ, ಗಾಳಿಗೆ ಅದೂ ಇಲ್ಲ. ಎದುರಿಂದ ನುಗ್ಗುವ ಗಾಳಿಯ ವೇಗ ಎರಡರಷ್ಟಾದರೆ ಅದರ ತಡೆ ನಾಲ್ಕರಷ್ಟಾಗುತ್ತದೆ. ಅಂಥ ಹೊತ್ತಿನಲ್ಲಿ ಮುಂದಿನವನ ಬೆನ್ನಿಗೆ ಹತ್ತಿರವಾಗಿ ತುಳಿದರೆ ಹಿಂದಿನವನಿಗೆ ಕಾಲುಭಾಗದಷ್ಟು ಶ್ರಮ ಉಳಿಯಬಹುದು. ನಾನು ಹೆಚ್ಚು ಹೊತ್ತು ಮುಂದಿದ್ದೆ, ಅವನು ಸ್ವಲ್ಪ ಹೊತ್ತು. ಆದರೆ ವೇಗ ಎಷ್ಟಿರಬೇಕು ಅನ್ನೋದು ಹಿಂದಿದ್ದವನ ಬಾಯಲ್ಲಿತ್ತು. "ಜಾಸ್ತಿಯಾಯ್ತು" ಅಂದರೆ ಇಳಿಸಬೇಕು, ಮಾತಾಡೋ ಹಾಗಿಲ್ಲ. ಚಕ್ರಕ್ಕೆ ಚಕ್ರ ತಾಗಿಸಿ ಹೋಗುವ ಸಾಹಸ ಮಾಡಲಿಲ್ಲ, ಸಾಮಾನು ಹೇರಿದ ಸೈಕಲ್ ಬೇಗ ನಿಲ್ಲುವುದಿಲ್ಲ. ಒಂದು ಸೈಕಲ್ಲಿನ ಉದ್ದದಷ್ಟು ಜಾಗ ಬಿಟ್ಟೆವು. ಗುಂಡಿ ಬಂದರೆ ಮುಂದಿನವನು ಕೈ ಕೆಳಗೆ ತೋರಿಸುತ್ತಿದ್ದ.

ಹಸಿವಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ. ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು. ನಮ್ಮ ಹೆಚ್ಚಿನ ಜಗಳಗಳೆಲ್ಲ ಊಟಕ್ಕೆ ಮುಂಚಿನವು. ಎಡಕ್ಕೋ ಬಲಕ್ಕೋ ಅಂತ ದನಿ ಏರಿದರೆ ನಕ್ಷೆ ಮಡಚಿಟ್ಟು ಮೊದಲು ತಿನ್ನುತ್ತಿದ್ದೆವು.

ಗೆಳೆಯ ಜೊತೆಗಿದ್ದರೆ ಎಷ್ಟು ಲಾಭ ಅನ್ನೋದು ಎಂಟನೇ ದಿನ ತಿಳಿಯಿತು. ಬೆಳಗ್ಗೆಯಿಂದ ನನ್ನ ಬಲ ಮಂಡಿಯ ಮುಂಭಾಗ ನೋಯುತ್ತಿತ್ತು. ಹಿಂದಿನ ದಿನ ತುಳಿದದ್ದು ಜಾಸ್ತಿಯಾಯಿತು ಅಂದುಕೊಂಡು ಹಲ್ಲು ಕಚ್ಚಿ ಹೋಗುತ್ತಿದ್ದೆ. ಹಿಂದಿನಿಂದ ಅವನು ಕೂಗಿದ: "ನಿಲ್ಲಿಸು. ನಿನ್ನ ಕಾಲು ನೆಟ್ಟಗೇ ಆಗ್ತಿಲ್ಲ." ಇಳಿದು ನೋಡಿದರೆ ಸೀಟಿನ ಕ್ಲಾಂಪ್ ಸಡಿಲವಾಗಿತ್ತು. ಸೀಟು ಒಂದೂವರೆ ಸೆಂಟಿಮೀಟರ್ ಕೆಳಗೆ ಜಾರಿತ್ತು. ಸೀಟು ತಗ್ಗಾದರೆ ಮಂಡಿ ಜಾಸ್ತಿ ಮಡಚುತ್ತದೆ, ನೋವು ಮುಂಭಾಗದಲ್ಲಿ ಶುರುವಾಗುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಸರಿಮಾಡಿ, ಸೀಟಿನ ಕಂಬಕ್ಕೆ ಟೇಪು ಸುತ್ತಿ ಗುರುತು ಹಾಕಿದೆವು. ಎರಡು ದಿನದಲ್ಲಿ ನೋವು ಇಳಿಯಿತು. ನಾನು ಒಬ್ಬನೇ ಇದ್ದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಸೈಕಲ್ ಮೇಲೆ ಕೂತವನಿಗೆ ತನ್ನ ಕಾಲು ಹಿಂದಿನಿಂದ ಹೇಗೆ ಕಾಣುತ್ತದೆ ಅನ್ನೋದು ತಿಳಿಯುವುದಿಲ್ಲ.

ಅವತ್ತು ರಾತ್ರಿ ನನಗೆ ಥಾಮಸ್ ಅಲೆನ್ ಮತ್ತು ವಿಲಿಯಂ ಸಾಕ್ಟ್‌ಲೆಬೆನ್ ನೆನಪಾದರು. 1890ರಲ್ಲಿ ಕಾಲೇಜು ಮುಗಿಸಿದ ಈ ಇಬ್ಬರು ಅಮೆರಿಕನ್ ಗೆಳೆಯರು ಸೈಕಲ್ ಹತ್ತಿ ಹೊರಟು, ಏಷ್ಯಾವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿ, 1893ರಲ್ಲಿ ಮನೆಗೆ ಮರಳಿದರು. ಮೂರು ವರ್ಷ! ಮರುಭೂಮಿ, ಬೆಟ್ಟಗಳನ್ನು ಹೇಗೆ ದಾಟಿದರು ಅನ್ನೋದಕ್ಕಿಂತ, ಒಬ್ಬ ಹಿಂದೆ ಬಿದ್ದಾಗ ಇನ್ನೊಬ್ಬ ಏನು ಮಾಡುತ್ತಿದ್ದ ಅಂತ ತಿಳಿಯುವ ಆಸೆ ನನಗೆ.

ಹನ್ನೆರಡು ದಿನದ ದಾರಿಗೆ ನಮಗೆ ಹದಿಮೂರು ದಿನ ಬೇಕಾಯಿತು. ಒಂದು ದಿನ ಇಬ್ಬರೂ ಮಳೆಯ ಸದ್ದು ಕೇಳುತ್ತಾ ಟೆಂಟಿನಲ್ಲೇ ಮಲಗಿದ್ದೆವು. ಇಡೀ ಪ್ರವಾಸದಲ್ಲಿ ಜಾಸ್ತಿ ಮಾತಾಡಿದ್ದು ಅವತ್ತೇ. ಕೊನೆಯ ದಿನದ ಕೊನೆಯ ಏರಿನಲ್ಲಿ ನಾನು ಮೊದಲು ತಲುಪಿ, ಸೈಕಲ್ ಮಲಗಿಸಿ, ಶೂ ಬಿಚ್ಚಿ ಕೂತೆ. ಅವನು ಬಂದು ನನ್ನ ಬರಿಗಾಲು ನೋಡಿದ. ಏನೂ ಹೇಳಲಿಲ್ಲ. ಅವನೂ ಶೂ ಬಿಚ್ಚಿದ.

ಮುಂದಿನ ಪ್ರವಾಸಕ್ಕೆ ಸಾಮಾನಿನ ಪಟ್ಟಿ ಈಗಲೇ ಬರೆದಿಟ್ಟಿದ್ದೇವೆ. ಅವನ ಸೈಕಲ್ಲಿಗೆ ಇನ್ನೂ ಒಂದು ಸಣ್ಣ ಗೇರ್ ಹಾಕಿಸಬೇಕು. ಟೆಂಟು ನನ್ನ ಚೀಲಕ್ಕೆ. ಪಂಪು ಎರಡು.